ಮನೆ ಮುಂದಿನ ಮರಕ್ಕೆ ಬೋಳು ಕ್ಷೌರವೇಕೆ?

ಏಪ್ರಿಲ್ ಕೊನೆಗೆ ಗಾಳಿ ಎದ್ದಿತೆಂದರೆ ಮನೆ ಮುಂದಿನ ಬೇವು, ಹೊಂಗೆಗಳಿಗೆ ಗಂಡಾಂತರ. ಕೊಂಬೆ ಮುರಿದು ಶೀಟಿನ ಮೇಲೆ ಬಿದ್ದೀತೆಂಬ ಭಯ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಆಸುಪಾಸಿರಲಿ, ಹರಿಹರವಿರಲಿ, ಮರ ಕಡಿಯುವವನನ್ನು ಕರೆಸುತ್ತೇವೆ. ಅವನು ನೆತ್ತಿಯನ್ನೇ ಬೋಳಿಸಿ ಹೋಗುತ್ತಾನೆ. ನಮಗೆ ಸಮಾಧಾನ.

ಅಪಾಯ ಶುರುವಾಗುವುದೇ ಆಮೇಲೆ. ಬೋಳಿಸಿದಲ್ಲಿ ಒತ್ತೊತ್ತಾಗಿ ಚಿಗುರುವ ಕೊಂಬೆಗಳಿಗೆ ಹಿಡಿತ ಕಡಿಮೆ. ದಪ್ಪವಾದಂತೆ ಅವೇ ಗಾಳಿಗೆ ಕಿತ್ತು ಬರುತ್ತವೆ. ಮರದ ಗಾಯ ನಮ್ಮ ಗಾಯದಂತೆ ಮಾಯುವುದೂ ಇಲ್ಲ. ಕೊಳೆಯುವ ಭಾಗ ಹರಡದಂತೆ ಮರ ಒಳಗೇ ಗೋಡೆ ಕಟ್ಟಿಕೊಳ್ಳುತ್ತದೆ, ಅಷ್ಟೆ. ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಸೀಳಿ ನೋಡಿ ತಿಳಿಸಿದ ಸಂಗತಿಯಿದು.

ಹಾಗಾಗಿ ಎಲ್ಲಿ ಕೊಯ್ಯಬೇಕೆಂಬುದೇ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿರುತ್ತದಲ್ಲ, ಅದನ್ನು ಮುಟ್ಟದೆ ಹೊರಗೆ ಗರಗಸ ಇಡಬೇಕು. ಭಾರದ ಕೊಂಬೆಯಾದರೆ ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ತುಸು ಆಚೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ಇಲ್ಲವಾದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಗಾಯಕ್ಕೆ ಟಾರು, ಬಣ್ಣ ಬಳಿಯುವುದು ದಂಡದ ಕೆಲಸ. ಅದರಿಂದ ಕೊಳೆಯುವುದು ನಿಲ್ಲದು.

ಇಡೀ ಮರವನ್ನೇ ಉರುಳಿಸುವ ಯೋಚನೆಯೇ? ತೆಂಗು, ನೀಲಗಿರಿಯಂಥ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಮರ ನಿಮ್ಮ ಅಂಗಳದ್ದೇ ಆದರೂ. ಇನ್ನು ವಿದ್ಯುತ್ ತಂತಿಗೆ ತಾಗಿದ ಕೊಂಬೆಯ ತಂಟೆಗೆ ನೀವಾಗಲಿ ಕಡಿಯುವವನಾಗಲಿ ಹೋಗಬೇಡಿ; ಮೊದಲು ಬೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸಿ.