ಮನೆಯಲ್ಲಿ ಯಾರೂ ಇಲ್ಲದಾಗ ಸಸಿಗೆ ನೀರು

ಮಕ್ಕಳ ಓದಿಗೆ ಮೈಸೂರಿನಲ್ಲಿ ಒಂದು ಮನೆ, ಹೊಟ್ಟೆಪಾಡಿಗೆ ಊರಿನಲ್ಲಿ ಒಂದು ತೋಟ. ನಮ್ಮ ಸದಸ್ಯ ಬೆಳೆಗಾರರಲ್ಲಿ ಹೀಗೆ ಎರಡು ಕಡೆ ಸಂಸಾರ ಹೂಡಿದವರು ಅನೇಕರಿದ್ದಾರೆ. ನಾವೂ ಆ ಪೈಕಿ. ನಮ್ಮ ಮನೆ ಇರುವುದು ಅಗ್ರಹಾರದಲ್ಲಿ, ವಾಣಿವಿಲಾಸ ಮಾರುಕಟ್ಟೆಯ ಗದ್ದಲದಿಂದ ಸ್ವಲ್ಪ ಒಳಕ್ಕೆ. ಹಳೆಯ ಕಾಲದ ಮನೆಯಾದ್ದರಿಂದ ಮುಂದೆ ಜಗಲಿ, ಹಿಂದೆ ಉದ್ದನೆಯ ಹಿತ್ತಿಲು ಉಂಟು. ಆ ಹಿತ್ತಿಲಿನಲ್ಲಿ ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ನೆರಳುಬಲೆಯ ಮನೆಯೊಂದನ್ನು ಕಟ್ಟಿಕೊಂಡಿದ್ದೇವೆ. ತೋಟದಲ್ಲಿ ಸತ್ತುಹೋದ ಗಿಡಬಳ್ಳಿಗಳ ಜಾಗ ತುಂಬಲು ಬೇಕಾಗುವ ಮೆಣಸಿನ ಬಳ್ಳಿ ಮತ್ತು ಅಡಿಕೆ ಸಸಿಗಳನ್ನು ಅಲ್ಲಿಯೇ ಎಬ್ಬಿಸುತ್ತೇವೆ. ಬೇಸಗೆಯಲ್ಲಿ ತೋಟದ ಹಳ್ಳ ಬತ್ತುತ್ತದೆ, ಮೈಸೂರಿನ ನಲ್ಲಿಯಲ್ಲಿ ಕಾವೇರಿ ಬರುತ್ತದೆ. ಕಾರಣ ಇಷ್ಟೇ.

ತೊಡಕು ಬರುವುದು ಮನೆಗೆ ಬೀಗ ಹಾಕಿ ಎಲ್ಲರೂ ತೋಟಕ್ಕೆ ಹೊರಟಾಗ. ಹಣ್ಣು ಕುಯ್ಲಿಗೆ ಹೋದರೆ ವಾರಗಟ್ಟಲೆ ಆಗುತ್ತದೆ. ಬೇಸಗೆ ರಜೆಯಲ್ಲಿ ಹೇಳುವುದೇ ಬೇಡ. ಹೀಗಾಗಿ ಮೂರು ವರ್ಷಗಳ ಹಿಂದೆ ನಾವು ಟೈಮರು ಜೋಡಿಸಿದ ವಿದ್ಯುತ್ ವಾಲ್ವು ಒಂದನ್ನು ತಂದು, ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟಾಂಕಿಯಿಂದ ನೆರಳುಮನೆಗೆ ಬರುವ ಪೈಪಿಗೆ ಹಾಕಿಸಿದೆವು. ಬೆಳಗ್ಗೆ ಆರಕ್ಕೆ ತೆರೆಯತಕ್ಕದ್ದು, ಹತ್ತು ನಿಮಿಷಕ್ಕೆ ಮುಚ್ಚತಕ್ಕದ್ದು. ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಆ ಧೈರ್ಯದಿಂದ ಏಪ್ರಿಲ್ ಕೊನೆಯಲ್ಲಿ ಮದುವೆಯೊಂದಕ್ಕೆಂದು ಐದು ದಿನ ಊರಿಗೆ ಹೋದೆವು.

ತಿರುಗಿ ಬಂದಾಗ ಹಿತ್ತಿಲೆಲ್ಲ ಕೆಸರು. ವಾಲ್ವಿನ ಒಳಗಿನ ರಬ್ಬರು ಪೊರೆಯ ಕೆಳಗೆ ಒಂದು ಮರಳಿನ ಹರಳು ಸಿಕ್ಕಿಕೊಂಡಿತ್ತು. ತೆರೆದ ವಾಲ್ವು ಮುಚ್ಚಿರಲಿಲ್ಲ. ಟಾಂಕಿ ಖಾಲಿಯಾಯಿತು. ಟಾಂಕಿ ಖಾಲಿಯಾದರೆ ಸಂಪಿನಿಂದ ನೀರೆತ್ತುವ ಪಂಪು ತಾನಾಗಿಯೇ ಚಾಲೂ ಆಗುವಂತೆ ಇನ್ನೊಂದು ಯಂತ್ರವನ್ನು ನಾವೇ ಮೊದಲು ಹಾಕಿಸಿದ್ದೆವು. ಅದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಟಾಂಕಿ ತುಂಬಿತು, ಬಸಿದುಹೋಯಿತು, ಮತ್ತೆ ತುಂಬಿತು. ಪಕ್ಕದ ಮನೆಯ ಅಜ್ಜಿ ಹೇಳಿದ ಮಾತು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ: “ಹಗಲೂ ರಾತ್ರಿ ಪಂಪಿನ ಸದ್ದು ಕೇಳ್ತಿತ್ತಲ್ಲಪ್ಪ, ನೀವೆಲ್ಲ ಮನೇಲೇ ಇದ್ದೀರಿ ಅಂದ್ಕೊಂಡೆ.”

ನೂರ ಇಪ್ಪತ್ತು ಪಾಲಿಥೀನ್ ಚೀಲಗಳಲ್ಲಿ ಪನ್ನಿಯೂರು-1 ಬಳ್ಳಿಯ ತುಂಡುಗಳು ಬೇರು ಬಿಟ್ಟು ಎರಡೆರಡು ಎಲೆ ತೆಗೆದಿದ್ದವು. ಅವುಗಳಲ್ಲಿ ನೂರಕ್ಕೂ ಹೆಚ್ಚು ಬುಡ ಕೊಳೆತುಹೋದವು. ಆ ಜೂನಿನಲ್ಲಿ ಸಿಲ್ವರ್ ಮರಗಳ ಬುಡಕ್ಕೆ ನೆಡಲು ನಮ್ಮಲ್ಲಿ ಬಳ್ಳಿ ಇರಲಿಲ್ಲ. ಬಳ್ಳಿ ನೆಟ್ಟು ಫಸಲು ಕಾಣಲು ಮೂರು ವರ್ಷ ಬೇಕು. ಒಂದು ಮಳೆಗಾಲ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ ಎಂಬುದನ್ನು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

ಈಗ ಲೆಕ್ಕ ನೋಡೋಣ. ಒಂದು ಮೆಣಸಿನ ಚೀಲಕ್ಕೆ ಬೇಸಗೆಯಲ್ಲಿ ದಿನಕ್ಕೆ ಒಂದು ಸಣ್ಣ ಲೋಟ, ಅಂದರೆ ನೂರೈವತ್ತು ಮಿಲಿಲೀಟರು ನಾವು ಕೊಡುತ್ತಿದ್ದುದು. ನೂರ ಇಪ್ಪತ್ತು ಚೀಲಕ್ಕೆ 18 ಲೀಟರು. ದೊಡ್ಡ ಚೀಲದಲ್ಲಿರುವ ಮೂವತ್ತು ಅಡಿಕೆ ಸಸಿಗಳಿಗೆ ಒಂದೊಂದು ಲೀಟರಿನಂತೆ 30 ಲೀಟರು. ಒಟ್ಟು ಐವತ್ತು ಲೀಟರಿನ ಒಳಗೇ ಮುಗಿಯುವ ಬಾಬತ್ತು. ಆದರೆ ವಾಲ್ವಿನ ಹಿಂದೆ ಇದ್ದದ್ದು ಸಾವಿರ ಲೀಟರು, ಅದರ ಹಿಂದೆ ಸಂಪು, ಸಂಪಿನ ಹಿಂದೆ ಕಾವೇರಿ ಹೊಳೆ. ಇಷ್ಟು ನೀರಿಗೂ ಸಸಿಗೂ ನಡುವೆ ಇದ್ದ ಕಾವಲು ಒಂದೇ ಒಂದು ರಬ್ಬರು ಪೊರೆ. ತಪ್ಪು ವಾಲ್ವಿನದಲ್ಲ, ಅದನ್ನು ಅಲ್ಲಿ ಕೂರಿಸಿದ ನಮ್ಮದು.

ಆಮೇಲೆ ಪೇಟೆಯಲ್ಲಿ ಇನ್ನೇನೇನು ಸಿಗುತ್ತದೆಂದು ವಿಚಾರಿಸುತ್ತ ಹೋದೆವು. ಗಡಿಯಾರದಂತೆ ಮುಳ್ಳು ತಿರುಗುವ ಅಗ್ಗದ ಟೈಮರುಗಳಿವೆ. ಕರೆಂಟು ಹೋದಾಗ ಇವು ನಿಂತುಬಿಡುತ್ತವೆ, ಬಂದಾಗ ನಿಂತಲ್ಲಿಂದ ಹೊರಡುತ್ತವೆ. ಮೂರು ಗಂಟೆ ಕರೆಂಟು ಹೋದರೆ ಮಾರನೆಯ ದಿನ ಆರು ಗಂಟೆಯ ನೀರು ಒಂಬತ್ತಕ್ಕೆ ಬರುತ್ತದೆ. ವಾರ ಕಳೆಯುವುದರೊಳಗೆ ನಡುಮಧ್ಯಾಹ್ನದ ಸುಡುಬಿಸಿಲಿನಲ್ಲಿ ನೀರು ಬಿಟ್ಟರೂ ಬಿಟ್ಟೀತು. ಒಳಗೆ ಬ್ಯಾಟರಿಯಿರುವ ಟೈಮರಿಗೆ ಈ ಕಾಟವಿಲ್ಲ. ಮಣ್ಣಿನ ತೇವ ನೋಡಿ ವಾಲ್ವು ತೆರೆಯುವ ಕಡ್ಡಿಗಳೂ ಇವೆ. ಎರಡು ಬರಿಯ ಲೋಹದ ಮುಳ್ಳಿರುವ ಅಗ್ಗದ ಕಡ್ಡಿ ಹಸಿಮಣ್ಣಿನಲ್ಲಿ ಕರೆಂಟು ಹರಿದು ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಲೋಹವು ಮಣ್ಣಿಗೆ ತಾಗದಂತೆ ಮುಚ್ಚಿದ, ಕೆಪಾಸಿಟರ್ ತತ್ತ್ವದ ಕಡ್ಡಿ ಹೆಚ್ಚು ಬಾಳುತ್ತದೆ. ಯಾವುದನ್ನೇ ತಂದರೂ ನಮ್ಮದೇ ಮಣ್ಣಿನಲ್ಲಿ ಒಣಗಿದಾಗ ಎಷ್ಟು, ತೊಯ್ದಾಗ ಎಷ್ಟು ಎಂದು ನೋಡಿಕೊಳ್ಳಬೇಕು. ಕೆಮ್ಮಣ್ಣಿನಲ್ಲಿ ಸರಿಯಾಗಿ ಹೇಳುವ ಕಡ್ಡಿ ತೆಂಗಿನ ನಾರಿನ ಪುಡಿಯಲ್ಲಿ ಸುಳ್ಳು ಹೇಳುತ್ತದೆ.

ಚಳಿದೇಶಗಳ ಗಾಜಿನ ಮನೆಗಳಲ್ಲಿ ಮೇಣ ತುಂಬಿದ ಒಂದು ಕೊಳವೆ ಕಿಟಕಿಗಳನ್ನು ನೋಡಿಕೊಳ್ಳುತ್ತದೆ. ಬಿಸಿಲೇರಿದಾಗ ಮೇಣ ಹಿಗ್ಗಿ ಕಿಟಕಿಯನ್ನು ಎತ್ತುತ್ತದೆ, ತಣಿದಾಗ ಕುಗ್ಗಿ ಇಳಿಸುತ್ತದೆ. ಕರೆಂಟು ಬೇಡ. ಬಹಳ ಸೊಗಸಾದ ಉಪಾಯ. ಆದರೆ ನಮ್ಮ ಹವೆಗೆ ಕಿಟಕಿಯನ್ನು ತೆರೆಯುವ ಯಂತ್ರಕ್ಕಿಂತ ಕಿಟಕಿಯೇ ಬೇಡದಂತೆ ನಾಲ್ಕು ಬದಿಗೂ ಬಲೆ ಬಿಡುವುದು ವಾಸಿ. ಹಿತ್ತಿಲಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಮನೆ ಕಟ್ಟಿ, ಒಳಗೆ ಬಿಸಿಯಾಯಿತೆಂದು ಫ್ಯಾನು ಹಾಕಿ, ಫ್ಯಾನಿಗೆ ಟೈಮರು ಹಾಕಿದವರನ್ನು ನಾವು ಬಲ್ಲೆವು.

ಆ ಮೇಣದ ಕೊಳವೆಯಿಂದ ನಮಗೆ ಹೊಳೆದದ್ದು ಬೇರೆ. ಬಿಸಿಲಿನ ಕೆಲಸವನ್ನು ಬಿಸಿಲೇ ಮಾಡುವುದಾದರೆ ನೀರಿನ ಕೆಲಸವನ್ನು ನೀರೇ ಏಕೆ ಮಾಡಬಾರದು? ಈ ವಿದ್ಯೆ ಮೈಸೂರು ಸೀಮೆಗೆ ಹೊಸತಲ್ಲ. ನೀರು ಗೊತ್ತಾದ ಮಟ್ಟಕ್ಕೆ ಏರಿದೊಡನೆ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚುವ ಗೇಟುಗಳನ್ನು ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಕೂರಿಸಿದರು. ಮುಂದೆ ಅದೇ ತತ್ತ್ವದ ಗೇಟುಗಳು ಕನ್ನಂಬಾಡಿಗೂ ಬಂದವು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಗೇಟು ಕೂಡ ಇಲ್ಲದ ಸೈಫನ್ನುಗಳಿವೆ. ಶಿಂಷಾ ನದಿಯ ನೀರು ಮಟ್ಟ ಮೀರಿದಾಗ ಅವು ತಾವೇ ಸೆಳೆದು ಹೊರಹಾಕುತ್ತವೆ. ಸಾಗರ ಸೀಮೆಯ ನಮ್ಮ ಅಡಿಕೆ ಬೆಳೆಗಾರರು ಹಿರೇಭಾಸ್ಕರ ಅಣೆಕಟ್ಟಿನ ಸೈಫನ್ನುಗಳ ಬಗ್ಗೆ ಹಿರಿಯರಿಂದ ಕೇಳಿರಬಹುದು. ಅವನ್ನು ರೂಪಿಸಿದವರು ಮೈಸೂರು ಸಂಸ್ಥಾನದ ಇಂಜಿನಿಯರು ಗಣೇಶ ಅಯ್ಯರ್ ಅವರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿದ ಮೇಲೆ ಆ ಅಣೆಕಟ್ಟೇ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಗೆಗಳಲ್ಲಿ ಮಾತ್ರ ಮೇಲೆದ್ದು ಕಾಣುತ್ತದೆ.

ಇವುಗಳ ಗುಣವೇನೆಂದರೆ, ಇವು ಗಡಿಯಾರವನ್ನು ನಂಬುವುದಿಲ್ಲ, ಮಟ್ಟವನ್ನು ನಂಬುತ್ತವೆ. ನಾವು ಹಿತ್ತಿಲಿನಲ್ಲಿ ಮಾಡಿದ್ದೂ ಇದನ್ನೇ, ಬಡತನದ ರೀತಿಯಲ್ಲಿ. ಐದಡಿ ಎತ್ತರದ ಕಲ್ಲುಕಟ್ಟೆಯ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಡ್ರಮ್ಮು. ಅದಕ್ಕೆ ಬೀದಿಯ ನಲ್ಲಿಯಿಂದ ನೇರ ಸಂಪರ್ಕ. ಮಾಳಿಗೆಯ ಟಾಂಕಿಗೂ ಪಂಪಿಗೂ ಸಂಬಂಧವಿಲ್ಲ. ಒಳಬರುವ ಪೈಪಿನ ಬಾಯಿಗೆ ತೇಲುಗುಂಡಿನ ವಾಲ್ವು. ಡ್ರಮ್ಮಿನ ಬುಡದಿಂದ ಒಂದು ಜಾಲರಿ, ಅದರಿಂದ ಹದಿನಾರು ಮಿಲಿಮೀಟರಿನ ಕರಿಯ ಕೊಳವೆ, ಕೊಳವೆಯಿಂದ ಚೀಲಕ್ಕೊಂದರಂತೆ ಸಪೂರ ನಳಿಕೆ. ಹೊರಹೋಗುವ ದಾರಿಗೆ ವಾಲ್ವೇ ಇಲ್ಲ, ಸದಾ ತೆರೆದೇ ಇರುತ್ತದೆ. ನಮ್ಮ ಬೀದಿಗೆ ಬೆಳಗ್ಗೆ ನೀರು ಬಿಟ್ಟಾಗ ಡ್ರಮ್ಮು ತುಂಬುತ್ತದೆ, ತೇಲುಗುಂಡು ಏರಿ ಬಾಯಿ ಮುಚ್ಚುತ್ತದೆ. ಬೀದಿಯ ನೀರು ನಿಂತ ಮೇಲೆ ಡ್ರಮ್ಮಿನಲ್ಲಿದ್ದದ್ದು ಸುಮಾರು ಎರಡು ಗಂಟೆಯಲ್ಲಿ ಹನಿಯಾಗಿ ಇಳಿದು ಬರಿದಾಗುತ್ತದೆ. ಅಷ್ಟಕ್ಕೇ ಮುಗಿಯಿತು. ನೀರು ಬರುವ ಹೊತ್ತೇ ನಮ್ಮ ಗಡಿಯಾರ, ಡ್ರಮ್ಮೇ ನಮ್ಮ ಅಳತೆ.

ಮಾಡಿಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ನೀರು ಬರುತ್ತಿರುವಾಗಲೂ ಹನಿ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಐವತ್ತು ಲೀಟರು ಬೇಕೆಂದರೆ ತೇಲುಗುಂಡನ್ನು ಅದಕ್ಕಿಂತ ಕೆಳಗೇ ನಿಲ್ಲಿಸಬೇಕು. ನಾವು ಮೂವತ್ತೈದಕ್ಕೆ ನಿಲ್ಲಿಸಿದ್ದೇವೆ. ಅಂಗಡಿಯಲ್ಲಿ ಗಂಟೆಗೆ ನಾಲ್ಕು ಲೀಟರೆಂದು ಕೊಡುವ ಡ್ರಿಪ್ಪರುಗಳು ಆ ಲೆಕ್ಕಕ್ಕೆ ಬರುವುದು ಒಂದು ಕಿಲೋ ಒತ್ತಡದಲ್ಲಿ, ಎಂದರೆ ಮೂವತ್ತಮೂರು ಅಡಿ ಎತ್ತರದ ನೀರಿಗೆ. ಐದಡಿ ಎತ್ತರದಿಂದ ಅವು ಒಂದೂವರೆ ಲೀಟರಿನಷ್ಟೂ ಕೊಡುವುದು ಕಷ್ಟ. ಒತ್ತಡ ಸರಿದೂಗಿಸುವ ನಮೂನೆಯವು ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ನಡೆಯುವುದೇ ಇಲ್ಲ. ಅದಕ್ಕಾಗಿಯೇ ಸಪೂರ ನಳಿಕೆ. ನಳಿಕೆ ಉದ್ದವಾದಷ್ಟೂ ನೀರು ಕಡಿಮೆ, ಗಿಡ್ಡವಾದಷ್ಟೂ ಹೆಚ್ಚು. ಅಡಿಕೆ ಸಸಿಗೆ ಗಿಡ್ಡ ನಳಿಕೆ, ಮೆಣಸಿಗೆ ಉದ್ದ ನಳಿಕೆ ಹಾಕಿ, ಕೆಳಗೆ ಲೋಟವಿಟ್ಟು ಅಳೆದು ಕತ್ತರಿಸಿಕೊಂಡೆವು. ಎರಡು ಭಾನುವಾರ ಹಿಡಿಯಿತು. ಸಸಿಯಿಟ್ಟ ನೆಲ ಸಮತಟ್ಟಾಗಿರಬೇಕು, ಇಲ್ಲವಾದರೆ ಇಳುಕಲಿನ ಚೀಲಗಳೇ ಹೆಚ್ಚು ಕುಡಿದುಬಿಡುತ್ತವೆ. ಚೀಲದ ಬುಡದ ತೂತುಗಳು ಕಟ್ಟಿಕೊಂಡಿರಬಾರದು.

ಕೆಟ್ಟರೆ ಏನಾಗುತ್ತದೆ? ತೇಲುಗುಂಡು ಸಿಕ್ಕಿಕೊಂಡರೆ ಬೀದಿಯಲ್ಲಿ ನೀರಿರುವಷ್ಟು ಹೊತ್ತು ಡ್ರಮ್ಮು ಉಕ್ಕಿ ಮೋರಿಗೆ ಹೋಗುತ್ತದೆ, ಚೀಲಕ್ಕೆ ಅಲ್ಲ. ನಳಿಕೆ ಕಟ್ಟಿದರೆ ಒಂದು ಸಸಿ ಒಣಗುತ್ತದೆ. ಬೀದಿಗೆ ನೀರೇ ಬಾರದಿದ್ದರೆ ಆ ದಿನ ಸಸಿಗೂ ಇಲ್ಲ. ಇದು ಈ ಏರ್ಪಾಟಿನ ನಿಜವಾದ ಕೊರತೆ. ಆದರೆ ನೆರಳಿನಲ್ಲಿರುವ ಮೆಣಸಿನ ಚೀಲ ಒಂದು ದಿನದ ಬಾಯಾರಿಕೆಯನ್ನು ತಡೆದೀತು, ಐದು ದಿನದ ಕೆಸರನ್ನು ತಡೆಯದು.

ಹಿತ್ತಿಲಿನ ಈ ಲೆಕ್ಕವನ್ನು ತೋಟಕ್ಕೆ ಒಯ್ದರೆ ಮೊತ್ತ ದೊಡ್ಡದಾಗುತ್ತದೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರೆಂದರೂ 10,800 ಲೀಟರು. ಗಂಟೆಗೆ ಹತ್ತು ಸಾವಿರ ಲೀಟರು ಎತ್ತುವ ಪಂಪಿಗೆ ಇದು ಒಂದು ಗಂಟೆ ಐದು ನಿಮಿಷದ ಕೆಲಸ. ಈಗ ನಮ್ಮಲ್ಲಿ ಅನೇಕರು ಆಟೋ ಸ್ಟಾರ್ಟರು ಹಾಕಿಸಿದ್ದಾರೆ. ಮೂರು ಫೇಸು ಯಾವ ಹೊತ್ತಿಗೆ ಬಂದರೂ ಮೋಟಾರು ತಾನೇ ಹೊರಡುತ್ತದೆ. ನಡುರಾತ್ರಿ ಟಾರ್ಚು ಹಿಡಿದು ಹಾವು, ಆನೆ, ಕಾಟಿಗಳ ದಾರಿಯಲ್ಲಿ ಪಂಪುಶೆಡ್ಡಿಗೆ ಹೋಗುವ ಕಷ್ಟ ತಪ್ಪಿತೆಂಬುದು ಸಣ್ಣ ಮಾತಲ್ಲ. ಆ ಕಷ್ಟ ಕಂಡವರು ಯಂತ್ರವನ್ನು ಹಳಿಯಲಾರರು. ಆದರೆ ಮೂರು ಫೇಸು ಏಳು ಗಂಟೆ ಇದ್ದರೆ ಅದು ಏಳು ಗಂಟೆಯೂ ಎತ್ತುತ್ತದೆ. ಎಪ್ಪತ್ತು ಸಾವಿರ ಲೀಟರು! ಮರಕ್ಕೆ ಬೇಕಾದದ್ದು ಇಪ್ಪತ್ತು, ಬಿದ್ದದ್ದು ನೂರ ಮೂವತ್ತು. ಗೊಬ್ಬರ ಬೇರಿನ ಕೆಳಕ್ಕೆ ಇಳಿದುಹೋಗುತ್ತದೆ, ಮಾರ್ಚಿಯಲ್ಲಿ ಕೊಳವೆ ಬಾವಿ ಕೆಮ್ಮಲು ತೊಡಗುತ್ತದೆ. ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿ ಪಂಪುಗಳಿಗೆ ಇಪ್ಪತ್ತನಾಲ್ಕು ಗಂಟೆ ಕರೆಂಟು ಕೊಡಲು ಹೊರಟಾಗ, ಅಂತರ್ಜಲ ಬರಿದಾದೀತೆಂದು ಆಟೋ ಸ್ಟಾರ್ಟರುಗಳನ್ನು ತೆಗೆದುಹಾಕಲು ಅಲ್ಲಿನ ಸರ್ಕಾರವೇ ರೈತರನ್ನು ಕೇಳಿಕೊಳ್ಳಬೇಕಾಯಿತು.

ಸ್ಟಾರ್ಟರನ್ನು ತೆಗೆಯಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೊಂದು ಡ್ರಮ್ಮು ಬೇಕು. ಮಲೆನಾಡಿನಲ್ಲಿ, ಕರಾವಳಿಯ ಗುಡ್ಡಗಳಲ್ಲಿ ಭೂಮಿಯೇ ಅದಕ್ಕೆ ಅನುಕೂಲವಾಗಿದೆ. ತೋಟದ ತಲೆಯ ಮೇಲೆ ಒಂದು ದಿನದ ನೀರು ಹಿಡಿಯುವ ಟಾಂಕಿ, ಅದರಲ್ಲಿ ತೇಲುವ ಸ್ವಿಚ್ಚು, ಟಾಂಕಿಯಿಂದ ತೋಟಕ್ಕೆ ಇಳುಕಲಿನ ಹನಿ. ಟಾಂಕಿ ತುಂಬಿದೊಡನೆ ಪಂಪು ನಿಲ್ಲಬೇಕು, ಮತ್ತು ಅದೇ ದಿನ ಮತ್ತೆ ಹೊರಡದಂತೆ ಇರಬೇಕು. ಈ ಎರಡನೆಯದನ್ನು ಮರೆತರೆ ನಮ್ಮ ಅಗ್ರಹಾರದ ಕಥೆಯೇ ತೋಟದಲ್ಲಿ ನಡೆಯುತ್ತದೆ. ಬಾವಿ ಬತ್ತಿದಾಗ ಮೋಟಾರು ಒಣಗಿ ಓಡದಂತೆ ತಡೆಯುವ ಸಾಧನವನ್ನೂ ಮರೆಯಬಾರದು. ಅಳತೆಯಷ್ಟು ನೀರು ಹರಿದ ಮೇಲೆ ತಾನೇ ಮುಚ್ಚುವ ಮೀಟರು ವಾಲ್ವುಗಳೂ ಬಂದಿವೆ. ಟಾಂಕಿ ಕಟ್ಟಲು ಜಾಗವಿಲ್ಲದವರು ಅವನ್ನು ವಿಚಾರಿಸಬಹುದು. ವಿಟ್ಲದ ಕಡೆಯ ಅಮೈ ಮಹಾಲಿಂಗ ನಾಯ್ಕರು ಹಲವು ಸಲ ಸೋತರೂ ಬಿಡದೆ ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು, ಬಂದ ನೀರನ್ನು ಹಿಡಿದಿಟ್ಟು, ಪಂಪಿಲ್ಲದೆ ಅಡಿಕೆ ತೋಟ ಎಬ್ಬಿಸಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸುರಂಗದ ನೀರು ಒಂದು ಹೊತ್ತಿಗೆ ಬರುವುದೇ ಅಷ್ಟು, ಅಷ್ಟರಲ್ಲೇ ಹಂಚಬೇಕು.

ಇಷ್ಟಾಗಿಯೂ ಕೆಲವು ಕೆಲಸಗಳನ್ನು ಯಂತ್ರಕ್ಕೆ ಬಿಡಲು ನಮಗೆ ಮನಸ್ಸಿಲ್ಲ. ರೊಬಸ್ಟಾ ಕಾಫಿಗೆ ಹೂವಿನ ನೀರು ಕೊಡುವ ದಿನವನ್ನು ಮೊಗ್ಗು ನೋಡಿಯೇ ಗೊತ್ತುಮಾಡಬೇಕು. ಒಂದು ಇಂಚು, ಒಂದೂವರೆ ಇಂಚು ನೀರು ಒಮ್ಮೆಗೇ ಬೀಳಬೇಕು. ಅರೆಬರೆ ನೀರಿಗೆ ಮೊಗ್ಗು ಅರೆಬರೆಯಾಗಿಯೇ ಅರಳುತ್ತದೆ. ಸ್ಪ್ರಿಂಕ್ಲರಿನ ತಲೆಯೊಂದು ತಿರುಗದೆ ನಿಂತಿದ್ದನ್ನು ಯಾವ ಟೈಮರೂ ನೋಡುವುದಿಲ್ಲ. ಮೆಣಸಿನ ಚೀಲದಲ್ಲಿ ಎಲೆ ಕಪ್ಪಾಗಿದೆಯೇ ಎಂದು ನೋಡುವುದೂ ಹಾಗೆಯೇ. ಮಳೆಗಾಲ ಹಿಡಿದೊಡನೆ ನಾವು ಡ್ರಮ್ಮಿನ ಸಂಪರ್ಕವನ್ನೇ ಬಿಚ್ಚಿಡುತ್ತೇವೆ.

ಈ ವರ್ಷವೂ ಮೇ ತಿಂಗಳಲ್ಲಿ ಹನ್ನೆರಡು ದಿನ ಮನೆಗೆ ಬೀಗ ಹಾಕಿದ್ದೆವು. ಹೋಗುವ ಮುನ್ನ ಜಾಲರಿ ತೊಳೆದು, ಪಕ್ಕದ ಮನೆಯ ಅಜ್ಜಿಗೆ ಹಿತ್ತಿಲ ಬಾಗಿಲಿನ ಬೀಗದಕೈ ಕೊಟ್ಟು, ಡ್ರಮ್ಮಿನ ಪಕ್ಕದ ಹಿತ್ತಾಳೆ ನಲ್ಲಿಯನ್ನು ತೋರಿಸಿದೆವು. “ಮೋರಿಯಲ್ಲಿ ನೀರು ಹರಿಯೋದು ಕಂಡ್ರೆ ಇದನ್ನು ತಿರುಗಿಸಿಬಿಡಿ ಅಜ್ಜಿ, ಇನ್ನೇನೂ ಬೇಡ” ಎಂದೆವು. ತಿರುಗಿಸಬೇಕಾದ ಪ್ರಸಂಗ ಬರಲಿಲ್ಲ. ಒಂದು ದಿನ ಬೀದಿಗೆ ನೀರು ಬಾರದಿದ್ದಾಗ ಅವರೇ ಎರಡು ಕೊಡ ತಂದು ಡ್ರಮ್ಮಿಗೆ ಹೊಯ್ಯಿಸಿದ್ದರಂತೆ. ನೂರ ಇಪ್ಪತ್ತರಲ್ಲಿ ನೂರ ಹದಿನಾಲ್ಕು ಬಳ್ಳಿಗಳು ಜೂನಿನಲ್ಲಿ ತೋಟಕ್ಕೆ ಹೋದವು.