ಟ್ರಾಲಿಯ ಬೆನ್ನಿಗೆ ದೀಪ ಯಾವಾಗ?

ಕತ್ತಲಾದ ಮೇಲೆ ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ನೋಡಿ. ಹುಮನಾಬಾದ್ ಹೆದ್ದಾರಿಯಲ್ಲಿ ಡ್ರೈವರ್ ಇದ್ದಕ್ಕಿದ್ದಂತೆ ಬ್ರೇಕ್ ಒತ್ತುತ್ತಾನೆ. ಏನೆಂದು ನೋಡಿದರೆ, ಟ್ರಾಲಿ! ಟ್ರ್ಯಾಕ್ಟರಿಗೆ ದೀಪವುಂಟು, ಅದರ ಹಿಂದಿನ ಟ್ರಾಲಿಗಿಲ್ಲ. ಬಸ್ಸಿನವರು ಪಾರಾದಾರು, ಬೈಕಿನವನ ಗತಿ?

"ಹಗಲಿಗೇ ಹೊಡೀತೀವ್ರಿ, ಲೈಟ್ ಯಾಕ ಬೇಕು?" ಅನ್ನುವವರಿದ್ದಾರೆ. ಗಂಜಿನಲ್ಲಿ ತೊಗರಿ ಮಾರಿ ಹೊರಡುವಷ್ಟರಲ್ಲಿ ಹೊತ್ತು ಮುಳುಗಿರುತ್ತದಲ್ಲ!

ಕೆಲಸ ದೊಡ್ಡದಲ್ಲ. ಏಳು ಪಿನ್ನಿನ ಒಂದು ಸಾಕೆಟ್ ಸಾಕು: ಎಡ-ಬಲ ಇಂಡಿಕೇಟರ್, ಹಿಂದಿನ ಕೆಂಪು ದೀಪ, ಬ್ರೇಕ್ ದೀಪ, ಅರ್ಥ್ ಎಲ್ಲಕ್ಕೂ ಅದರಲ್ಲೇ ಜಾಗವಿದೆ. ಹೆಚ್ಚಾಗಿ ಕೈಕೊಡುವುದು ಈ ಅರ್ಥೇ. ಹುಕ್ಕಿನ ಕಬ್ಬಿಣವನ್ನೇ ನಂಬಿದರೆ, ತುಕ್ಕು ಹಿಡಿದ ದಿನ ದೀಪ ಮಂಕು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕೀತು! ಮಿಸ್ತ್ರಿಗೆ ಹೇಳಿ ಅರ್ಥಿಗೆ ಬೇರೆಯೇ ವೈರು ಎಳೆಸಿ. ತಿರುವಿನಲ್ಲಿ ಹರಿಯದಂತೆ ಕೊಂಚ ಸಡಿಲವೂ ಇರಲಿ.

ಹುಕ್ಕಿನ ಪಿನ್ನಿಗೆ ಕ್ಲಿಪ್ಪೇ ಬೇಕು, ಹರಕು ತಂತಿ ಸಾಲದು. ಪಿನ್ನು ಕಳಚಿದರೂ ಟ್ರಾಲಿ ಓಡಿಹೋಗದಂತೆ ಸರಪಳಿ ಹಾಕಿ. ಜೀಪಿಗೆ ಸಣ್ಣ ಟ್ರಾಲಿ ಕಟ್ಟುವ ವ್ಯಾಪಾರಿಗಳೇ, ಹುಕ್ಕನ್ನು ಬಂಪರಿಗಲ್ಲ, ಚಾಸಿಗೆ ಬೋಲ್ಟ್ ಹಾಕಿಸಿ. ಎಷ್ಟು ಭಾರ ಎಳೆಯಬಹುದೆಂದು ಗಾಡಿಯ ಪುಸ್ತಕ ನೋಡಿಯೇ ಮಾಲು ಹೇರಿ.

ಆರ್‌ಟಿಓ ಸಾಹೇಬರು ಬರೀ ದಂಡ ಬರೆದು ಸುಮ್ಮನಾಗದೆ, ಗಂಜಿನ ಗೇಟಿನಲ್ಲೇ ಟ್ರಾಲಿ ನಿಲ್ಲಿಸಿ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ಕಳಿಸಲಿ. ವೈರು ಕೈಕೊಟ್ಟ ರಾತ್ರಿ ಅದಾದರೂ ಹೊಳೆದೀತು.

ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಆ ಊರಿನ ದಾರಿಯಲ್ಲಿ ಟ್ರಾಲಿಯ ಬೆನ್ನಿಗೂ ಒಂದಿಷ್ಟು ಕೆಂಪು ಕಾಣಲಿ.