ಗಲ್ಲಾದ ಮಾತು, ಫಲಕದ ಮಾತು: ಮಂಗಳೂರಿನ ಅಂಗಡಿ ವಿನ್ಯಾಸ

ಅಂಗಡಿಗೆ ಬಂದವರು ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಿ ನೋಡಬಹುದು, ಯಾವುದನ್ನು ಕೇಳಿಯೇ ತಿಳಿಯಬೇಕು, ಯಾವುದನ್ನು ಕೇಳದೆಯೂ ತಿಳಿಯಬಹುದು ಎಂಬುದನ್ನು ಕಟ್ಟಡ, ಕಪಾಟು, ಬೆಳಕು ಮತ್ತು ಫಲಕಗಳ ಮೂಲಕ ಮೊದಲೇ ಗೊತ್ತುಮಾಡಿಡುವ ಕೆಲಸಕ್ಕೆ ಅಂಗಡಿ ವಿನ್ಯಾಸವೆಂದು ಹೆಸರು. ಈ ಕೆಲಸ ಕಾಲಕಾಲಕ್ಕೆ ಹೇಗೆ ಬದಲಾಗಿದೆ ಎಂಬುದನ್ನು ಅರಿಯಲು ಮಂಗಳೂರು ತಕ್ಕ ಊರು. ಏಕೆಂದರೆ ಹಳೆ ಬಂದರು ಮತ್ತು ಭವಂತಿ ರಸ್ತೆಯ ಸಗಟು ಮಳಿಗೆಗಳು, ರಥಬೀದಿ ಮತ್ತು ಹಂಪನಕಟ್ಟೆಯ ಜವಳಿ ಹಾಗೂ ಚಿನ್ನದ ಅಂಗಡಿಗಳು, ಕೆ.ಎಸ್. ರಾವ್ ರಸ್ತೆ ಮತ್ತು ಪಾಂಡೇಶ್ವರದ ಮಾಲ್‌ಗಳು ಇಲ್ಲಿ ನಡೆದುಹೋಗುವಷ್ಟು ಹತ್ತಿರದಲ್ಲಿದ್ದು, ವ್ಯಾಪಾರದ ಮೂರು ತಲೆಮಾರುಗಳು ಒಂದೇ ಹೊತ್ತಿನಲ್ಲಿ ಬಾಗಿಲು ತೆರೆದಿರುತ್ತವೆ. ಇವುಗಳನ್ನು ಒಟ್ಟಾಗಿ ನೋಡಿದಾಗ ಬದಲಾವಣೆಯ ದಿಕ್ಕು ಸ್ಪಷ್ಟವಾಗುತ್ತದೆ: ಮಾರುವವರು ಬಾಯಿಯಿಂದ ಹೇಳುತ್ತಿದ್ದುದನ್ನು ಒಂದೊಂದಾಗಿ ಫಲಕಗಳಿಗೆ ವಹಿಸಲಾಗಿದೆ; ಆದರೆ ಆ ಮಾತುಗಳೆಲ್ಲವೂ ಫಲಕವನ್ನು ತಲುಪಿಲ್ಲ.

ಜಗಲಿ, ಮಾಡು, ಹಲಗೆ

ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುವ ಈ ಊರಿನಲ್ಲಿ ಹಳೆಯ ಅಂಗಡಿಯ ರೂಪವನ್ನು ನಿರ್ಧರಿಸಿದ್ದು ನೀರು. ರಸ್ತೆಯ ನೀರು ಒಳನುಗ್ಗದಂತೆ ನೆಲವನ್ನು ಕೆಂಪುಕಲ್ಲಿನ ಎತ್ತರದ ಪಂಚಾಂಗದ ಮೇಲೆ ಕಟ್ಟಿ, ಮುಂದೆ ಜಗಲಿ ಬಿಟ್ಟು, ಅದರ ಮೇಲೆ ತಗ್ಗಾಗಿ ಇಳಿಯುವ ಮಾಡು ಹಾಯಿಸಲಾಗುತ್ತಿತ್ತು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಹುಲ್ಲಿನ ಹಾಗೂ ಓಲೆಯ ಮಾಡುಗಳ ಜಾಗಕ್ಕೆ ಕೆಂಪು ಹಂಚು ಬಂತು. ಬೆಂಕಿಯ ಭಯ ಕಡಿಮೆಯಾದ್ದರಿಂದ ಹೆಚ್ಚು ಸರಕನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದು ಸುಲಭವಾಯಿತು. ಮೇಲೆ ಕೆಳಗೆ ಕೊರೆದ ತೋಡುಗಳಲ್ಲಿ ಒಂದೊಂದಾಗಿ ಸೇರಿಸುವ, ಕ್ರಮ ತಪ್ಪದಂತೆ ಅಂಕಿ ಬರೆದ ಮರದ ಹಲಗೆಗಳೇ ಬಾಗಿಲಾಗಿದ್ದವು. ಬೆಳಿಗ್ಗೆ ಅವನ್ನು ತೆಗೆದಿಟ್ಟರೆ ಅಂಗಡಿಯ ಇಡೀ ಮುಂಭಾಗ ಬೀದಿಗೆ ತೆರೆದುಕೊಳ್ಳುತ್ತಿತ್ತು.

ಇಂಥ ಕಟ್ಟಡದಲ್ಲಿ ದೊಡ್ಡ ಹೆಸರು ಬರೆಯಲು ಮುಂಗೋಡೆಯೇ ಇರಲಿಲ್ಲ. ಮಾಡಿನ ಅಂಚಿನ ಕೆಳಗೆ ಕಟ್ಟಿದ ಸಣ್ಣ ತಗಡಿನ ಬೋರ್ಡು ಸಾಕಾಗುತ್ತಿತ್ತು. ಗುರುತಿನ ಕೆಲಸವನ್ನು ಸರಕೇ ಮಾಡುತ್ತಿತ್ತು. ಮೇ ಕೊನೆಯಲ್ಲಿ ಜಗಲಿಯ ಮೇಲೆ ತೂಗುವ ಕೊಡೆಗಳು, ಗೂಡಂಗಡಿಯ ಮುಂದಿನ ಬಾಳೆಗೊನೆ, ಹಗ್ಗದ ಸುರುಳಿ ಮತ್ತು ಹಿಡಿಸೂಡಿಗಳ ಕಟ್ಟು ಓದು ಬಾರದವರಿಗೂ ಅರ್ಥವಾಗುವ ಫಲಕಗಳು, ಇಂದಿಗೂ ಬಳಕೆಯಲ್ಲಿರುವಂಥವು. ಜೀನಸು ಅಂಗಡಿಯ ಒಳಗೆ ಗ್ರಾಹಕರಿಗೂ ಸರಕಿಗೂ ನಡುವೆ ಮೇಜು ಅಡ್ಡವಿದ್ದು, ಚೀಟಿ ಪಡೆದು ತೂಗಿ ಕಟ್ಟಿಕೊಡುವುದು ಅಂಗಡಿಯವರ ಕೆಲಸವಾಗಿತ್ತು. ತಕ್ಕಡಿ ಮತ್ತು ಬಾಗಿಲು ಎರಡೂ ಒಂದೇ ನೋಟಕ್ಕೆ ಸಿಗುವ ಮೂಲೆಯಲ್ಲಿ ಗಲ್ಲಾ ಇರುತ್ತಿತ್ತು; ಅಲ್ಲಿ ಕುಳಿತ ಯಜಮಾನರು ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಗಳ ನಡುವೆ ಗ್ರಾಹಕರಿಗೆ ತಕ್ಕಂತೆ ಭಾಷೆ ಬದಲಿಸುತ್ತ ದರ, ಗುಣಮಟ್ಟ, ಸಾಲದ ಲೆಕ್ಕ ಎಲ್ಲವನ್ನೂ ಮಾತಿನಲ್ಲೇ ಮುಗಿಸುತ್ತಿದ್ದರು. ಗ್ರಾಹಕರು ಓದಬೇಕಾದದ್ದು ಬಹಳ ಕಡಿಮೆಯಿತ್ತು.

ಬೆಳಕಿನ ಅಂಗಡಿಗಳು

ಜವಳಿ ಮತ್ತು ಚಿನ್ನದ ಅಂಗಡಿಗಳು ಎರಡನೆಯ ಘಟ್ಟ. ಇಲ್ಲಿ ಮಾತು ಉಳಿದಿದೆ, ಜೊತೆಗೆ ನೋಟ ಸೇರಿದೆ. ಹಳೆಯ ಕ್ರಮದ ಜವಳಿ ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ತೋರಿಸುವಾಗ ರಾಶಿ ಬೆಳೆದಂತೆ, ಕೊಳ್ಳದೆ ಏಳುವುದು ಗ್ರಾಹಕರಿಗೆ ಮುಜುಗರವಾಗುತ್ತದೆ. ಕುಳಿತುಕೊಳ್ಳಲು ಕೊಡುವ ಸ್ಥಳವೇ ನಿರ್ಧಾರದ ಮೇಲೆ ಪ್ರಭಾವ ಬೀರುವುದಕ್ಕೆ ಇದು ಸರಳ ಉದಾಹರಣೆ. ಬೆಳಕಿನ ಪಾತ್ರ ಇನ್ನೂ ಸೂಕ್ಷ್ಮವಾದದ್ದು. ಒಂದು ದೀಪದ ಕೆಳಗೆ ವಸ್ತುವಿನ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದನ್ನು ಅಳೆಯಲು ವರ್ಣದರ್ಶನ ಸೂಚ್ಯಂಕವೆಂಬ ಮಾನವಿದ್ದು, ಅದರ ಗರಿಷ್ಠ ಮಟ್ಟ 100. ಸೂಚ್ಯಂಕ ತಗ್ಗಿದ ದೀಪದಲ್ಲಿ ಕೆಂಪು, ನೇರಳೆ ಮತ್ತು ಕಂದು ಛಾಯೆಗಳು ತಮ್ಮ ವ್ಯತ್ಯಾಸ ಕಳೆದುಕೊಳ್ಳುತ್ತವೆ. ಸೀರೆಯನ್ನು ಬಾಗಿಲಿನವರೆಗೆ ಒಯ್ದು ಹಗಲಿನಲ್ಲಿ ನೋಡುವ ಹೆಂಗಸರ ರೂಢಿಯ ಹಿಂದೆ ಇರುವುದು ಈ ತಿಳಿವಳಿಕೆಯೇ. ಮಧ್ಯಾಹ್ನವೂ ಮಬ್ಬು ಕವಿಯುವ ಆಷಾಢದಲ್ಲಿ ಆ ದಾರಿ ಮುಚ್ಚುವುದರಿಂದ, ಮಂಗಳೂರಿನ ಜವಳಿ ಅಂಗಡಿಗೆ ಒಳ್ಳೆಯ ದೀಪ ಅಲಂಕಾರಕ್ಕಿಂತ ಹೆಚ್ಚಾಗಿ ನಂಬಿಕೆಯ ಪ್ರಶ್ನೆ.

ಸ್ವಯಂಸೇವೆ ಮತ್ತು ಮೌನ

ಮೂರನೆಯ ಘಟ್ಟದ ಬೇರು ದೂರದಲ್ಲಿದೆ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಆರಂಭಿಸಿದ ಪಿಗ್ಲಿ ವಿಗ್ಲಿ ಎಂಬ ಅಂಗಡಿಯಲ್ಲಿ ಗ್ರಾಹಕರು ತಾವೇ ಬುಟ್ಟಿ ಹಿಡಿದು ಕಪಾಟುಗಳ ನಡುವೆ ನಡೆದು, ಬೇಕಾದ್ದನ್ನು ಆಯ್ದು, ಹೊರಹೋಗುವಲ್ಲಿ ಹಣ ಕೊಡುವ ವ್ಯವಸ್ಥೆ ಬಂತು. ಅಡ್ಡಲಾಗಿದ್ದ ಮೇಜು ಹೋದಾಗ ಅದರ ಹಿಂದಿದ್ದ ಮಾತೂ ಹೋಯಿತು. ಆ ಜಾಗವನ್ನು ದರದ ಚೀಟಿ, ವಿಭಾಗದ ಫಲಕ ಮತ್ತು ಪೊಟ್ಟಣದ ಬರಹ ತುಂಬಬೇಕಾಯಿತು. ಮುಂದೆ ಇದು ಅಧ್ಯಯನದ ವಿಷಯವಾಗಿ, ಫಿಲಿಪ್ ಕೋಟ್ಲರ್ 1970ರ ದಶಕದಲ್ಲಿ ಬರೆದ ಪ್ರಬಂಧವೊಂದರಲ್ಲಿ ಅಂಗಡಿಯ ವಾತಾವರಣವೂ ಮಾರಾಟದ ಸಾಧನವೆಂದು ವಾದಿಸಿದರು. 1982ರಲ್ಲಿ ಪ್ರಕಟವಾದ ರೊನಾಲ್ಡ್ ಮಿಲಿಮನ್ ಅವರ ಪ್ರಯೋಗದಲ್ಲಿ, ಸೂಪರ್‌ಮಾರ್ಕೆಟ್ಟಿನೊಳಗೆ ವೇಗದ ಸಂಗೀತದ ಬದಲು ನಿಧಾನಗತಿಯ ಸಂಗೀತ ನುಡಿಸಿದಾಗ ಗ್ರಾಹಕರ ನಡಿಗೆ ನಿಧಾನವಾಗಿ, ಮಾರಾಟ ಸುಮಾರು ಶೇ 38ರಷ್ಟು ಹೆಚ್ಚಿದ್ದು ಕಂಡುಬಂತು.

ಗ್ರಾಹಕರ ನಡೆಯನ್ನು ದೀರ್ಘಕಾಲ ಗಮನಿಸಿದ ಪಾಕೊ ಅಂಡರ್‌ಹಿಲ್ 1999ರ ತಮ್ಮ ಪುಸ್ತಕದಲ್ಲಿ ಬಾಗಿಲ ಒಳಗಿನ ಮೊದಲ ಕೆಲವು ಹೆಜ್ಜೆಗಳ ಜಾಗವನ್ನು ವಿಶೇಷವಾಗಿ ಗುರುತಿಸಿದ್ದಾರೆ: ಬೀದಿಯ ವೇಗ, ಬಿಸಿಲು, ಸದ್ದುಗಳಿಂದ ಬಿಡಿಸಿಕೊಂಡು ಒಳಗಿನ ಲೋಕಕ್ಕೆ ಹೊಂದಿಕೊಳ್ಳುತ್ತಿರುವ ಗ್ರಾಹಕರು ಅಲ್ಲಿ ಇಟ್ಟ ಫಲಕವನ್ನಾಗಲಿ ಸರಕನ್ನಾಗಲಿ ಬಹುಮಟ್ಟಿಗೆ ಗಮನಿಸುವುದಿಲ್ಲ. ಮಳೆಗಾಲದ ಮಂಗಳೂರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ; ಕೊಡೆ ಮಡಚುವುದು, ರೈನ್‌ಕೋಟ್ ಬಿಚ್ಚುವುದು, ಕೆಸರು ಕಾಲನ್ನು ಮ್ಯಾಟಿಗೆ ಒರೆಸುವುದು ಎಲ್ಲವೂ ಅಲ್ಲೇ ನಡೆಯುವುದರಿಂದ, ಮುಖ್ಯ ಸೂಚನೆಗಳನ್ನು ಇನ್ನಷ್ಟು ಒಳಗೆ, ಕಣ್ಣು ಎತ್ತಿದಾಗ ಕಾಣುವಲ್ಲಿ ಇಡುವುದು ಜಾಣತನ. ಪರದೇಶದ ಸೂತ್ರಗಳು ಇಲ್ಲಿ ಹಾಗೆಯೇ ಒಗ್ಗುವುದಿಲ್ಲ ಎಂಬುದಕ್ಕೂ ನಿದರ್ಶನವಿದೆ. 2001ರಲ್ಲಿ ಬಿಗ್ ಬಜಾರ್ ಸರಪಳಿ ಆರಂಭಿಸಿದ ಕಿಶೋರ್ ಬಿಯಾನಿ, ನೀಟಾದ ಉದ್ದ ಸಾಲುಗಳ ಬದಲು ಸರಕು ಕಿಕ್ಕಿರಿದ, ಸಂತೆಯ ಗದ್ದಲವಿರುವ ಒಳಾಂಗಣವನ್ನು ಉದ್ದೇಶಪೂರ್ವಕವಾಗಿ ಆರಿಸಿಕೊಂಡರು. ಕಾಳು, ಬೇಳೆಯನ್ನು ಕೈಯಲ್ಲಿ ಹಿಡಿದು ನೋಡುವ ಗ್ರಾಹಕರಿಗೆ ಖಾಲಿ ಜಾಗ ದುಬಾರಿಯ ಗುರುತಾಗಿ ಕಾಣುತ್ತದೆ ಎಂಬುದು ಇದರ ಹಿಂದಿನ ತರ್ಕ. ಮಂಗಳೂರಿನ ಭಾರತ್ ಮಾಲ್‌ನಲ್ಲಿಯೂ ಈ ಸರಪಳಿಯ ಮಳಿಗೆಯಿತ್ತು. 2010ರಲ್ಲಿ ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್, 2014ರಲ್ಲಿ ಪಾಂಡೇಶ್ವರದ ಫಿಜಾ ಮಾಲ್‌ಗಳು ಬಂದ ಮೇಲೆ, ದಿಕ್ಕು ತೋರುವ ಫಲಕಗಳ ಅಗತ್ಯ ಒಂದೇ ಅಂಗಡಿಯಿಂದ ಇಡೀ ಕಟ್ಟಡಕ್ಕೆ ವಿಸ್ತರಿಸಿತು.

ಹೆಸರು, ಅಕ್ಷರ, ಅಳತೆ

ಹೊರಗಿನ ನಾಮಫಲಕ ಅಂಗಡಿಯ ಗುರುತಾಗಿರುವಂತೆ ಊರಿನ ಗುರುತೂ ಆಗುತ್ತದೆ. ಮಂಗಳೂರಿನ ಸಿಟಿ ಬಸ್ಸುಗಳ ಕೊನೆಯ ನಿಲ್ದಾಣಕ್ಕೆ ಜನ ‘ಸ್ಟೇಟ್ ಬ್ಯಾಂಕ್’ ಎನ್ನುತ್ತಾರೆ; ಚಿತ್ರಮಂದಿರದಿಂದ ‘ಜ್ಯೋತಿ’, ಪತ್ರಿಕೆಯಿಂದ ‘ನವಭಾರತ ವೃತ್ತ’ ಹುಟ್ಟಿಕೊಂಡಿವೆ. ದಾರಿ ಕೇಳುವವರಿಗೆ ಉಪಯೋಗವಾಗುವಂತೆ ಕಣ್ಣಿಗೆ ಬೀಳುವ, ಮನಸ್ಸಿನಲ್ಲಿ ಉಳಿಯುವ ಇಂಥ ಗುರುತುಗಳ ಮೇಲೂ ನಗರದ ಮಾನಸಿಕ ನಕ್ಷೆ ನಿಂತಿರುತ್ತದೆ ಎಂದು ಕೆವಿನ್ ಲಿಂಚ್ 1960ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಆದರೆ ಫಲಕ ಮೊದಲು ಓದಲು ಸಿಗಬೇಕು. ಬೋರ್ಡು ತಯಾರಿಸುವವರ ರೂಢಿಯ ಲೆಕ್ಕದಂತೆ, ಅಕ್ಷರದ ಒಂದು ಇಂಚು ಎತ್ತರಕ್ಕೆ ಸುಮಾರು 10 ಅಡಿ ದೂರದಿಂದ ಆರಾಮವಾಗಿ ಓದಬಹುದು; 10 ಇಂಚಿನ ಅಕ್ಷರವನ್ನು 100 ಅಡಿ, ಅಂದರೆ ಸುಮಾರು 30 ಮೀಟರ್ ದೂರದಿಂದ. ಗಂಟೆಗೆ 30 ಕಿಲೋಮೀಟರ್ ವೇಗದ ಸ್ಕೂಟರ್ ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ಮುಂದೆ ಹೋಗುವುದರಿಂದ, ಆ ಹೆಸರನ್ನು ಓದಲು ಸಿಗುವ ಕಾಲ ನಾಲ್ಕು ಸೆಕೆಂಡಿಗೂ ಕಡಿಮೆ. ಗುಡ್ಡ ಇಳಿದು ತಿರುಗುವ ಈ ಊರಿನ ರಸ್ತೆಗಳಲ್ಲಿ ಗೋಡೆಗೆ ಅಂಟಿದ ಫಲಕಕ್ಕೆ ಅಷ್ಟೂ ಸಿಗದೆ, ಬೀದಿಗೆ ಅಡ್ಡವಾಗಿ ಚಾಚಿದ ಸಣ್ಣ ಫಲಕ ಹೆಚ್ಚು ಕೆಲಸಕ್ಕೆ ಬರುತ್ತದೆ.

ಈ ಲೆಕ್ಕ ರೋಮನ್ ಅಕ್ಷರಗಳಿಗೆ ಹೊಂದಿಸಿದ್ದು. ರೋಮನ್ ದೊಡ್ಡಕ್ಷರಗಳು ಒಂದೇ ಎತ್ತರದ ಪಟ್ಟಿಯೊಳಗೆ ನಿಲ್ಲುತ್ತವೆ. ಕನ್ನಡದಲ್ಲಿ ಗುಣಿತದ ಚಿಹ್ನೆ ಮೇಲಕ್ಕೂ ಬದಿಗೂ, ಒತ್ತಕ್ಷರ ಕೆಳಕ್ಕೂ ಹರಡುತ್ತವೆ. ಅಂಗಡಿಗಳ ಹೆಸರಿನಲ್ಲಿ ಹೆಚ್ಚಾಗಿ ಬರುವ ಸ್ಟೋರ್ಸ್, ಜ್ಯುವೆಲ್ಲರ್ಸ್, ಎಲೆಕ್ಟ್ರಾನಿಕ್ಸ್ ಮುಂತಾದ ಎರವಲು ಪದಗಳಲ್ಲೇ ಒತ್ತುಗಳೂ ಹೆಚ್ಚು. ಎಲೆಕ್ಟ್ರಾನಿಕ್ಸ್‌ನಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು ಜೋತುಬೀಳುತ್ತವೆ. ಇಂಗ್ಲಿಷಿಗೆಂದು ಅಳೆದ ಪಟ್ಟಿಯಲ್ಲಿ ಇವನ್ನು ತುರುಕಿದರೆ ಮೂಲ ಅಕ್ಷರ ಕುಗ್ಗಿ, ದೂರದಿಂದ ಬರಿಯ ಬಣ್ಣದ ಮುದ್ದೆಯಾಗಿ ಕಾಣುತ್ತದೆ. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಬೋರ್ಡು ಬರೆಯುತ್ತಿದ್ದ ಕಲಾವಿದರು ಒತ್ತನ್ನು ಅಕ್ಷರದ ಬಾಗಿನೊಳಗೆ ಕೂರಿಸಿ, ಹಿಂದೆ ನೆರಳು ಕೊಟ್ಟು, ಸಾಲಿನ ಸಮತೋಲ ಕಾಯುತ್ತಿದ್ದರು. ಈ ಊರಿಗೆ ಆ ಕೈಬರಹದ ಪರಂಪರೆ ಹಳೆಯದು: 1843ರಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಕಲ್ಲಚ್ಚಿನಲ್ಲಿ, ಅಂದರೆ ಕೈಯಲ್ಲಿ ಬರೆದ ಅಕ್ಷರಗಳನ್ನು ಕಲ್ಲಿನಿಂದ ಒತ್ತಿ ತೆಗೆಯುವ ವಿಧಾನದಲ್ಲಿ ಮುದ್ರಣವಾಗಿತ್ತು. ಬೋರ್ಡಿನ ಕೈಬರಹವನ್ನು ಕಂಪ್ಯೂಟರ್ ಅಕ್ಷರದ ಫ್ಲೆಕ್ಸ್ ಬದಿಗೊತ್ತಿತು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಫ್ಲೆಕ್ಸ್ ಸೇರಿದಂತೆ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಅಲ್ಯೂಮಿನಿಯಂ ಹಾಳೆಯ ಮೇಲೆ ಅಕ್ರಿಲಿಕ್ ಅಕ್ಷರ ಕೂರಿಸಿ ಒಳಗಿನಿಂದ ದೀಪ ಉರಿಸುವ ಕ್ರಮವೂ ಈಗ ರೂಢಿಯಲ್ಲಿದೆ. ಅದರಲ್ಲಿ ಒತ್ತುಗಳನ್ನು ಬಿಡಿ ತುಂಡುಗಳಾಗಿ ಕತ್ತರಿಸಿ ಜೋಡಿಸಬೇಕಾಗುವುದರಿಂದ ಖರ್ಚೂ ಕಷ್ಟವೂ ಕನ್ನಡದ ಪಾಲಿಗೆ ಹೆಚ್ಚು. ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿಯುವುದು ಎಲ್ಲ ಭಾಷೆಗೂ ಸಮಾನ.

ಬಾಗಿಲಿನ ಆಚೆ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್‌ನ 16ನೆಯ ಆವೃತ್ತಿ ತುಳು–ತಿಗಳಾರಿ ಲಿಪಿಗೂ ಸ್ಥಾನ ಕೊಟ್ಟಿರುವುದರಿಂದ, ಕರಾವಳಿಯಲ್ಲಿ ಈಗಾಗಲೇ ಅಲ್ಲಲ್ಲಿ ಕಾಣುವ ತುಳು ಲಿಪಿಯ ಫಲಕಗಳನ್ನು ತಯಾರಿಸುವುದು ಮುಂದೆ ಸುಲಭವಾಗಬಹುದು. ಆದರೆ ಸಾರ್ವಜನಿಕ ಚರ್ಚೆ ಬಹುಮಟ್ಟಿಗೆ ಬಾಗಿಲ ಮೇಲಿನ ಹೆಸರಿನಲ್ಲೇ ನಿಂತಿದೆ. ವ್ಯವಹಾರ ನಡೆಯುವುದು ಬಾಗಿಲಿನ ಆಚೆ. ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ ಕೇಂದ್ರದ 2011ರ ಕಾನೂನು ಮಾಪನ ನಿಯಮಗಳು ಗರಿಷ್ಠ ದರ, ತೂಕ, ತಯಾರಿಕೆಯ ತಿಂಗಳು ಮೊದಲಾದ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕೆಂದು ಹೇಳಿ, ಬೇರೆ ಭಾಷೆಯನ್ನು ಹೆಚ್ಚುವರಿಯಾಗಿ ಸೇರಿಸಲು ಅವಕಾಶ ಕೊಡುತ್ತವೆ. ಹೀಗಾಗಿ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಆಡುತ್ತ ಶಾಲೆಯಲ್ಲಿ ಕನ್ನಡ ಓದಲು ಕಲಿತವರಿಗೆ, ಕಪಾಟಿನ ಅಂಚಿನ ದರದ ಚೀಟಿಯೂ ಇಂಗ್ಲಿಷಿನಲ್ಲೇ ಇದ್ದರೆ, ಸ್ವಯಂಸೇವೆಯ ಅಂಗಡಿಯಲ್ಲಿ ಓದಿ ನಿರ್ಧರಿಸಲು ಏನೂ ಉಳಿಯುವುದಿಲ್ಲ. ಜೀನಸು ಅಂಗಡಿಯಲ್ಲಿ ಧೈರ್ಯವಾಗಿ ಚೌಕಾಸಿ ಮಾಡುತ್ತಿದ್ದವರೇ ಇಲ್ಲಿ ಕೇಳಲು ಸಂಕೋಚಪಟ್ಟು, ಪರಿಚಿತ ಬಣ್ಣದ ಪೊಟ್ಟಣವನ್ನಷ್ಟೇ ಎತ್ತಿಕೊಳ್ಳುತ್ತಾರೆ.

ಇದನ್ನು ಸರಿಪಡಿಸಲು ದೊಡ್ಡ ಬಂಡವಾಳ ಬೇಡ. ವಿಭಾಗಗಳ ಹೆಸರು, ಒಂದು ಕಿಲೋ ಅಥವಾ ಒಂದು ಲೀಟರಿಗೆ ಬೀಳುವ ದರ, ರಿಯಾಯಿತಿಯ ಷರತ್ತು, ಸರಕು ಹಿಂದಿರುಗಿಸುವ ನಿಯಮ, ತುರ್ತು ನಿರ್ಗಮನದ ದಾರಿ, ಇಷ್ಟನ್ನು ಒತ್ತಕ್ಷರಕ್ಕೆ ಜಾಗವಿರುವ ಅಳತೆಯ ಕನ್ನಡ ಅಕ್ಷರಗಳಲ್ಲಿ ಬರೆದರೆ ಸಾಕು. ಮಳೆಗೆಂದು ಎತ್ತರಿಸಿದ ಹಳೆಯ ಪಂಚಾಂಗಗಳಿಗೆ ಇಳಿಜಾರಿನ ದಾರಿ ಸೇರಿಸಿದರೆ ವೃದ್ಧರಿಗೂ ಗಾಲಿಕುರ್ಚಿಯವರಿಗೂ ಬಾಗಿಲು ತೆರೆಯುತ್ತದೆ. ಕನ್ನಡ ಮಾತ್ರ ಓದಬಲ್ಲ ಒಬ್ಬ ಗ್ರಾಹಕ, ಬಾಗಿಲಿನಿಂದ ಬಿಲ್ಲಿನವರೆಗೆ ಯಾರನ್ನೂ ಕೇಳದೆ, ದರಗಳನ್ನು ಹೋಲಿಸಿ, ತಾನು ಕೊಂಡದ್ದು ಏನು ಮತ್ತು ಎಷ್ಟಕ್ಕೆ ಎಂದು ತಿಳಿದು ಹೊರಬರಬಹುದೇ ಎಂಬುದನ್ನು ಪರೀಕ್ಷಿಸಿದರೆ, ಗಲ್ಲಾದ ಮಾತಿನ ಜಾಗವನ್ನು ಫಲಕಗಳು ಎಷ್ಟರಮಟ್ಟಿಗೆ ತುಂಬಿವೆ ಎಂಬುದು ಪ್ರತಿ ಅಂಗಡಿಯಲ್ಲೂ ತಿಳಿದುಬರುತ್ತದೆ.